ಮೆನು ಬಿಡಿ, ವಿಳಾಸ ಹಿಡಿಯಿರಿ: ಕ್ಲೌಡ್ ಅಡ್ಮಿನ್‌ಗಳಿಗೆ ಒಂದು ಬಹಿರಂಗ ಪತ್ರ

ಬೆಳ್ಳಂದೂರಿನ ಗಾಜಿನ ಕಟ್ಟಡಗಳಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಕಚೇರಿಗಳಲ್ಲಿ, ಇಲ್ಲವೇ ಊರಿನ ಮನೆಯ ಮಹಡಿಯ ಮೇಲೆ ಕೂತು ಪರದೇಶದ ಯಾವುದೋ ಕಂಪನಿಯ ಕ್ಲೌಡ್ ಕಾಯುತ್ತಿರುವ ಅಡ್ಮಿನ್ ಗೆಳೆಯರಿಗೆ, ಗೆಳತಿಯರಿಗೆ,



ಹೊಸ ಸರ್ಟಿಫಿಕೇಟ್ ಮಾಡಿಕೊಳ್ಳಿ, ಎಐ ಕಲಿಯಿರಿ, ಇಲ್ಲದಿದ್ದರೆ ಕೆಲಸ ಉಳಿಯುವುದಿಲ್ಲ ಎಂದು ನಿಮಗೆ ಉಪದೇಶ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆ ಸಾಲಿಗೆ ನಾನು ಸೇರುತ್ತಿಲ್ಲ. ನನ್ನ ತಕರಾರು ಸಣ್ಣದು, ಆದರೆ ಪ್ರತಿ ಪಾಳಿಯಲ್ಲೂ ಮತ್ತೆ ಮತ್ತೆ ಎದುರಾಗುವಂಥದ್ದು. ನೀವು ಪೋರ್ಟಲ್ಲಿನೊಳಗೆ ಓಡಾಡುವ ರೀತಿಯ ಬಗ್ಗೆ.

ತಂಡಕ್ಕೆ ಹೊಸದಾಗಿ ಬಂದವರ ಪಕ್ಕ ಕೂತು ಅವರ ಪರದೆ ನೋಡುವುದು ನನ್ನ ಕೆಲಸದ ಒಂದು ಭಾಗ. ಅಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು. ಟಿಕೆಟ್ ಬರುತ್ತದೆ, ಲಂಡನ್ನಿನಲ್ಲಿರುವ ಒಬ್ಬರಿಗೆ ಲಾಗಿನ್ ಆಗುತ್ತಿಲ್ಲ. ನಮ್ಮ ಹುಡುಗ ಹೊಸ ಟ್ಯಾಬ್ ತೆಗೆದು ಗೂಗಲ್‌ನಲ್ಲಿ ‘ಅಝೂರ್ ಪೋರ್ಟಲ್’ ಎಂದು ಟೈಪ್ ಮಾಡುತ್ತಾನೆ. ಮೊದಲು ಕಂಡ ಲಿಂಕನ್ನು ಒತ್ತುತ್ತಾನೆ. ಹೋಮ್ ಪೇಜ್ ಬರುವವರೆಗೆ ಕಾಯುತ್ತಾನೆ. ಮೂಲೆಯ ಮೂರು ಗೆರೆಯ ಮೆನು, ಅದರೊಳಗೆ ಎಂಟ್ರಾ ಐಡಿ, ಅದರೊಳಗೆ ಯೂಸರ್ಸ್, ಅಲ್ಲಿ ಹೆಸರು ಹುಡುಕಿ ಕ್ಲಿಕ್, ಆಮೇಲೆ ಸೈನ್-ಇನ್ ಲಾಗ್. ನಡುವೆ ಚುಕ್ಕಿಗಳು ಸುತ್ತುತ್ತಾ ಇರುತ್ತವೆ, ಅವನು ಮೊಬೈಲ್ ನೋಡುತ್ತಾ ಇರುತ್ತಾನೆ. ಇಷ್ಟು ಕ್ಲಿಕ್ಕುಗಳಲ್ಲಿ ಟಿಕೆಟ್ಟಿಗೆ ಸಂಬಂಧಪಟ್ಟದ್ದು ಕೊನೆಯದೊಂದೇ. ಜಯನಗರದಿಂದ ಬನಶಂಕರಿಗೆ ಹೋಗಬೇಕಾದವರು ಪ್ರತಿ ಸಲವೂ ಮೆಜೆಸ್ಟಿಕ್ಕಿಗೆ ಹೋಗಿ ಬಸ್ ಬದಲಿಸಿದ ಹಾಗೆ.

ನಾನು ಹೇಳಬೇಕಾದದ್ದು ಒಂದೇ ಮಾತು. ಪೋರ್ಟಲ್ಲಿನ ಪ್ರತಿ ಪುಟಕ್ಕೂ ಒಂದು ವಿಳಾಸ ಇದೆ. ಯಾವ ಗ್ರಾಹಕ, ಯಾವ ಪ್ರಾಜೆಕ್ಟ್, ಯಾವ ರೀಜನ್ ಎನ್ನುವುದನ್ನೂ ಆ ವಿಳಾಸದೊಳಗೇ ಬರೆಯಬಹುದು. ಅದನ್ನು ನೀವೇ ಬರೆದು ಹೋದರೆ ಬೇಗ ತಲುಪುತ್ತೀರಿ, ಅದಕ್ಕಿಂತ ಮುಖ್ಯವಾಗಿ ತಲುಪಬೇಕಾದಲ್ಲಿಗೇ ತಲುಪುತ್ತೀರಿ. ಮೆನು ಹಿಡಿದು ಹೋದರೆ ಆ ಪೋರ್ಟಲ್ ನಿಮ್ಮನ್ನು ಕಳೆದ ಸಲ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಶುರು.

ಮೆನುವನ್ನು ನಂಬಬಾರದು ಎನ್ನಲು ಕಾರಣ ನಮ್ಮ ಕಣ್ಣ ಮುಂದೆಯೇ ಇದೆ. 2010ರಲ್ಲಿ ‘ವಿಂಡೋಸ್ ಅಝೂರ್’ ಎಂದು ಮಾರುಕಟ್ಟೆಗೆ ಬಂದದ್ದು 2014ರಲ್ಲಿ ‘ಮೈಕ್ರೋಸಾಫ್ಟ್ ಅಝೂರ್’ ಆಯಿತು. ಹಳೆಯ ಪೋರ್ಟಲ್ 2018ರ ಜನವರಿಯಲ್ಲಿ ಮುಚ್ಚಿತು. 2022ರಲ್ಲಿ ಕಂಪ್ಲಯನ್ಸ್ ಸೆಂಟರ್ ‘ಪರ್ವ್ಯೂ’ ಆಯಿತು, ಅದೇ ವರ್ಷ ‘ಎಂಡ್‌ಪಾಯಿಂಟ್ ಮ್ಯಾನೇಜರ್’ ಎಂಬ ಹೆಸರು ಹೋಗಿ ‘ಇಂಟ್ಯೂನ್’ ಮರಳಿ ಬಂತು. 2023ರ ಜುಲೈಯಲ್ಲಿ ‘ಅಝೂರ್ ಆಕ್ಟಿವ್ ಡೈರೆಕ್ಟರಿ’ಯನ್ನು ‘ಎಂಟ್ರಾ ಐಡಿ’ ಎಂದು ಕರೆದರು. ಪ್ರತಿ ಸಲವೂ ಮೆನು ಕದಲಿತು, ಐಕಾನಿನ ಬಣ್ಣ ಬದಲಾಯಿತು, ತರಬೇತಿಯ ಸ್ಲೈಡುಗಳೆಲ್ಲ ಹಳತಾದವು. ಕೈಗೆ ರೂಢಿಯಾದದ್ದನ್ನು ಮರೆತು ಮತ್ತೆ ಕಲಿಯಬೇಕಾಯಿತು. ಆದರೆ ಹಳೆಯ ವಿಳಾಸಗಳು ಬಹಳಷ್ಟು ಸಲ ಸುಮ್ಮನೆ ಹೊಸ ಜಾಗಕ್ಕೆ ದಾಟಿಸಿಬಿಟ್ಟವು. ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಂದು ಲೇಖನ ಬರೆದು, ಒಳ್ಳೆಯ ವಿಳಾಸ ಬದಲಾಗಬಾರದು ಎಂದು ವೆಬ್‌ಸೈಟ್ ನಡೆಸುವವರ ಕಿವಿ ಹಿಂಡಿದ್ದರು. ಕ್ಲೌಡ್ ಕಂಪನಿಗಳು ಅದನ್ನು ಪೂರ್ತಿ ಪಾಲಿಸುತ್ತವೆ ಎನ್ನಲಾರೆ. ಅಝೂರಿನ ಒಳಪುಟಗಳ ವಿಳಾಸ ನೋಡಿದರೆ ಹಾವಿನ ಹಾಗೆ ಉದ್ದ, ನಡುನಡುವೆ ಶೇಕಡಾ ಚಿಹ್ನೆಗಳು ಬೇರೆ. ಆದರೂ ಮೆನುವಿಗಿಂತ ಅವೇ ಹೆಚ್ಚು ದಿನ ಬಾಳುತ್ತವೆ.

ಬ್ರೌಸರಿನ ಮೂಲಪಾಠವನ್ನು ಬೇಗ ಮುಗಿಸಿಬಿಡುತ್ತೇನೆ, ಇದರಲ್ಲಿ ಅರ್ಧ ನಿಮಗೆ ಗೊತ್ತಿರುವುದೇ. ಕಂಟ್ರೋಲ್ ಮತ್ತು ಎಲ್ ಒತ್ತಿದರೆ ಕರ್ಸರ್ ಅಡ್ರೆಸ್ ಬಾರಿಗೆ ಹೋಗುತ್ತದೆ, ಮ್ಯಾಕ್‌ನವರಿಗೆ ಕಂಟ್ರೋಲ್ ಬದಲು ಕಮಾಂಡ್. ಕಂಟ್ರೋಲ್, ಶಿಫ್ಟ್, ಟಿ ಒತ್ತಿದರೆ ಈಗಷ್ಟೇ ಮುಚ್ಚಿದ ಟ್ಯಾಬ್ ಮರಳಿ ಬರುತ್ತದೆ. ಕ್ರೋಮ್ ಮತ್ತು ಎಡ್ಜ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ ಒತ್ತಿದರೆ ತೆರೆದಿರುವ ಟ್ಯಾಬ್‌ಗಳಲ್ಲಿ ಹೆಸರು ಹಿಡಿದು ಹುಡುಕಬಹುದು. ನಲವತ್ತು ಟ್ಯಾಬ್ ತೆರೆದಿಟ್ಟು, ಪ್ರತಿಯೊಂದರಲ್ಲೂ ನೀಲಿ ಐಕಾನ್ ಬಿಟ್ಟು ಬೇರೇನೂ ಕಾಣದ ಸ್ಥಿತಿಯಲ್ಲಿರುವವರಿಗೆ ಇದೊಂದೇ ಸಾಕು. ಫೈರ್‌ಫಾಕ್ಸ್‌ನವರು ಅಡ್ರೆಸ್ ಬಾರಿನಲ್ಲಿ ಶೇಕಡಾ ಚಿಹ್ನೆ ಹಾಕಿ ಸ್ಪೇಸ್ ಬಿಟ್ಟು ಟೈಪ್ ಮಾಡಿದರೆ ತೆರೆದ ಟ್ಯಾಬ್‌ಗಳಲ್ಲೂ, ನಕ್ಷತ್ರ ಚಿಹ್ನೆ ಹಾಕಿದರೆ ಬುಕ್‌ಮಾರ್ಕ್‌ಗಳಲ್ಲೂ ಹುಡುಕಾಟ ನಡೆಯುತ್ತದೆ.

ಇನ್ನು ನಿಜವಾದ ಸರಕು. ಇದು ಗೊತ್ತಿಲ್ಲದ ಸೀನಿಯರ್‌ಗಳನ್ನೂ ನಾನು ಕಂಡಿದ್ದೇನೆ.

ಕ್ರೋಮಿನ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ಭಾಗಕ್ಕೆ ಹೋದರೆ ಕೆಳಗೆ ‘ಸೈಟ್ ಸರ್ಚ್’ ಎಂಬ ಪಟ್ಟಿ ಇದೆ. ಎಡ್ಜ್‌ನಲ್ಲೂ ಹೆಚ್ಚು ಕಡಿಮೆ ಇದೇ. ಅಲ್ಲಿ ‘ಆಡ್’ ಒತ್ತಿದರೆ ಮೂರು ಪೆಟ್ಟಿಗೆ ಕೇಳುತ್ತದೆ: ಒಂದು ಹೆಸರು, ಒಂದು ಚಿಕ್ಕ ಕೀವರ್ಡ್, ಒಂದು ವಿಳಾಸ. ವಿಳಾಸದಲ್ಲಿ ಎಲ್ಲಿ ಮಾಹಿತಿ ಬದಲಾಗುತ್ತದೋ ಅಲ್ಲಿ ಶೇಕಡಾ ಚಿಹ್ನೆ ಹಾಕಿ, ಅದಕ್ಕೆ ಅಂಟಿಕೊಂಡಂತೆ ಇಂಗ್ಲಿಷಿನ ಚಿಕ್ಕ ‘ಎಸ್’ ಬರೆಯಬೇಕು. ಅಷ್ಟೇ. ಮುಂದೆ ಅಡ್ರೆಸ್ ಬಾರಿನಲ್ಲಿ ಕೀವರ್ಡ್ ಟೈಪ್ ಮಾಡಿ ಟ್ಯಾಬ್ ಒತ್ತಿ, ಬೇಕಾದ ನಂಬರನ್ನೋ ಹೆಸರನ್ನೋ ಕೊಟ್ಟು ಎಂಟರ್ ಒತ್ತಿದರೆ ಅದು ಆ ಖಾಲಿ ಜಾಗದಲ್ಲಿ ಕೂತು ಪುಟ ತೆರೆಯುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇದೇ ಕೆಲಸವನ್ನು ಬುಕ್‌ಮಾರ್ಕಿಗೆ ಕೀವರ್ಡ್ ಕೊಟ್ಟು ಮಾಡಬಹುದು. ಸರ್ಚ್ ಎಂಜಿನ್ ಎಂಬ ಹೆಸರಿನಡಿ ಅಡಗಿ ಕೂತಿರುವುದರಿಂದ ಇದು ಹುಡುಕಾಟಕ್ಕೆ ಮಾತ್ರ ಎಂದು ಜನ ಬಿಟ್ಟುಬಿಡುತ್ತಾರೆ.

ಉದಾಹರಣೆ ಕೊಡುತ್ತೇನೆ. ಮೈಕ್ರೋಸಾಫ್ಟ್ ಲಾಗಿನ್ ಕೈಕೊಟ್ಟಾಗ ಬಳಕೆದಾರರು ಕಳಿಸುವ ಸ್ಕ್ರೀನ್‌ಶಾಟ್‌ನಲ್ಲಿ ಎಎಡಿಎಸ್‌ಟಿಎಸ್ ಎಂದು ಶುರುವಾಗುವ ಒಂದು ನಂಬರ್ ಇರುತ್ತದಲ್ಲ? 50126 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 50076 ಅಂದರೆ ಎರಡನೇ ಹಂತದ ದೃಢೀಕರಣ ಬೇಕಿದೆ. 53003 ಅಂದರೆ ಕಂಡಿಷನಲ್ ಆಕ್ಸೆಸ್ ನಿಯಮ ತಡೆದಿದೆ. ಇಂಥವು ನೂರಾರು ಇವೆ, ಯಾರೂ ಬಾಯಿಪಾಠ ಮಾಡಬೇಕಿಲ್ಲ. ಮೈಕ್ರೋಸಾಫ್ಟಿನ ಲಾಗಿನ್ ವಿಳಾಸದಲ್ಲೇ, ಅಂದರೆ ಲಾಗಿನ್ ಡಾಟ್ ಮೈಕ್ರೋಸಾಫ್ಟ್‌ಆನ್‌ಲೈನ್ ಡಾಟ್ ಕಾಮ್‌ನಲ್ಲಿ, ‘ಎರರ್’ ಎಂಬ ಪುಟ ಇದೆ. ಅದರ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಕೋಡ್ ಎಂಬ ಪದ, ಸಮ ಚಿಹ್ನೆ, ನಂಬರ್ ಕೊಟ್ಟರೆ ಆ ದೋಷದ ವಿವರ ತೋರಿಸುತ್ತದೆ. ನಂಬರಿನ ಜಾಗದಲ್ಲಿ ಆ ಶೇಕಡಾ-ಎಸ್ ಹಾಕಿ ಎರಡಕ್ಷರದ ಕೀವರ್ಡ್ ಕೊಟ್ಟಿಟ್ಟುಕೊಳ್ಳಿ. ಬಳಕೆದಾರ ಫೋನಿನಲ್ಲಿ ನಂಬರ್ ಓದಿ ಮುಗಿಸುವ ಹೊತ್ತಿಗೆ ಉತ್ತರ ನಿಮ್ಮ ಮುಂದಿರುತ್ತದೆ. ಎಲ್-ಒನ್ ಡೆಸ್ಕಿನಲ್ಲಿ ಕೂರುವವರಿಗೆ ನಾನು ಮೊದಲು ಮಾಡಿಸುವುದು ಇದನ್ನೇ.

ಅಮೆಜಾನ್ ಕಡೆಯವರಿಗೆ ಇನ್ನೊಂದು. ಅಲಾರಂ ಬಂದಾಗ ಅದರಲ್ಲಿ ಐ-ಗೆರೆಯಿಂದ ಶುರುವಾಗುವ ಇನ್‌ಸ್ಟನ್ಸ್ ಐಡಿ ಇರುತ್ತದೆ. ಅದನ್ನು ಕಾಪಿ ಮಾಡಿ, ಕನ್ಸೋಲ್ ತೆರೆದು, ಇಸಿ-ಟೂ ಹುಡುಕಿ, ಇನ್‌ಸ್ಟನ್ಸಸ್ ಒತ್ತಿ, ಫಿಲ್ಟರಿನಲ್ಲಿ ಪೇಸ್ಟ್ ಮಾಡಿದರೆ ‘ಏನೂ ಸಿಗಲಿಲ್ಲ’ ಎಂದು ಬರುತ್ತದೆ. ಆ ಕ್ಷಣ ಎದೆ ಧಸಕ್ಕೆನ್ನದ ಹೊಸಬರು ಕಡಿಮೆ. ನಿನ್ನೆ ಇದ್ದ ಸರ್ವರ್ ಇವತ್ತು ಮಾಯ! ಬ್ರಿಡ್ಜ್ ಕಾಲ್‌ನಲ್ಲಿ ಅದನ್ನು ಗಟ್ಟಿಯಾಗಿ ಹೇಳಿಯೂ ಬಿಡುತ್ತಾರೆ. ಆಗಿರುವುದಿಷ್ಟೇ, ಸರ್ವರ್ ಇರುವುದು ಮುಂಬೈ ರೀಜನ್‌ನಲ್ಲಿ, ಕನ್ಸೋಲ್ ನಿಂತಿರುವುದು ಹಿಂದಿನ ಟಿಕೆಟ್ಟಿನ ವರ್ಜೀನಿಯಾದಲ್ಲಿ. ಮುಂಬೈ 2016ರಿಂದ ಇದೆ, ಹೈದರಾಬಾದ್ 2022ರಲ್ಲಿ ಬಂತು. ಒಂದೇ ಗ್ರಾಹಕನ ಸರ್ವರ್‌ಗಳು ಈಗ ಎರಡೂ ಕಡೆ ಇರಬಹುದು, ರೀಜನ್ ಕೋಡ್ ನೋಡಿದರೆ ಕೊನೆಯ ಅಂಕಿ ಮಾತ್ರ ಬೇರೆ. ಇಸಿ-ಟೂ ಪುಟದ ವಿಳಾಸದಲ್ಲಿ ರೀಜನ್ ಎಂಬ ಪದ ಇದೆ, ಇನ್‌ಸ್ಟನ್ಸ್ ಐಡಿಗೂ ಜಾಗ ಇದೆ. ಯಾವುದಾದರೊಂದು ಇನ್‌ಸ್ಟನ್ಸಿನ ವಿವರದ ಪುಟ ತೆರೆದು ಅದರ ವಿಳಾಸವನ್ನು ಗಮನವಿಟ್ಟು ಓದಿ, ನಿಮಗೇ ಕಾಣುತ್ತದೆ. ಐಡಿಯ ಜಾಗದಲ್ಲಿ ಶೇಕಡಾ-ಎಸ್ ಹಾಕಿ ಮುಂಬೈಗೊಂದು, ಹೈದರಾಬಾದಿಗೊಂದು ಕೀವರ್ಡ್ ಮಾಡಿಕೊಳ್ಳಿ. ಅಲ್ಲಿಗೆ ರೀಜನ್ ತಪ್ಪುವ ಪ್ರಶ್ನೆಯೇ ಬಹುಮಟ್ಟಿಗೆ ಮುಗಿಯಿತು, ಕೀವರ್ಡ್ ಆರಿಸುವಾಗಲೇ ಅದನ್ನು ನೀವು ಯೋಚಿಸಿರುತ್ತೀರಿ.

ಅಮೆಜಾನಿನವರಿಗೇ ಒಂದು ಎಚ್ಚರಿಕೆ. 2025ರ ಜನವರಿಯಿಂದ ಒಂದೇ ಬ್ರೌಸರಿನಲ್ಲಿ ಐದು ಖಾತೆಗಳವರೆಗೆ ಒಟ್ಟಿಗೆ ತೆರೆಯಲು ಅವಕಾಶ ಬಂದಿದೆ. ಅದನ್ನು ಚಾಲೂ ಮಾಡಿದರೆ ಕನ್ಸೋಲ್ ವಿಳಾಸದ ಮುಂಭಾಗಕ್ಕೆ ಖಾತೆಯ ನಂಬರ್ ಸೇರಿಕೊಳ್ಳುತ್ತದೆ. ಅಂಥ ವಿಳಾಸವನ್ನು ಹಾಗೇ ಕಾಪಿ ಮಾಡಿ ತಂಡದ ಪಟ್ಟಿಗೆ ಹಾಕಬೇಡಿ, ಆ ಮುಂಭಾಗ ತೆಗೆದು ಸಾಮಾನ್ಯ ಕನ್ಸೋಲ್ ವಿಳಾಸ ಇಡಿ. ಐಡೆಂಟಿಟಿ ಸೆಂಟರ್ ಮೂಲಕ ಲಾಗಿನ್ ಆಗುವವರಿಗೆ ಇನ್ನೂ ಸಲೀಸಾದ ದಾರಿ ಇದೆ. ಖಾತೆ, ರೋಲ್, ತಲುಪಬೇಕಾದ ಪುಟ, ಮೂರನ್ನೂ ಒಳಗೊಂಡ ಶಾರ್ಟ್‌ಕಟ್ ಲಿಂಕನ್ನು ಆ ಆಕ್ಸೆಸ್ ಪೋರ್ಟಲ್ಲೇ ಮಾಡಿಕೊಡುತ್ತದೆ.

ಗೂಗಲ್ ಕ್ಲೌಡಿನಲ್ಲಿ ‘ಪ್ರಾಜೆಕ್ಟ್’ ಎಂಬ ಪದ ವಿಳಾಸದ ಬಾಲದಲ್ಲೇ ಇರುತ್ತದೆ, ಅದರ ಮುಂದೆ ಪ್ರಾಜೆಕ್ಟ್ ಐಡಿ. ಅಲ್ಲಿ ಶೇಕಡಾ-ಎಸ್ ಇಟ್ಟರೆ ಮೇಲಿನ ಪಟ್ಟಿಯಿಂದ ಪ್ರಾಜೆಕ್ಟ್ ಆರಿಸುವ ರಗಳೆ ತಪ್ಪಿತು. ಅಝೂರಿನಲ್ಲಿ ಪೋರ್ಟಲ್ ವಿಳಾಸದ ನಂತರ ಒಂದು ಓರೆಗೆರೆ ಹಾಕಿ ಗ್ರಾಹಕರ ಡೊಮೈನ್ ಬರೆದರೆ ನೇರ ಅವರ ಟೆನೆಂಟಿನೊಳಗೇ ಲಾಗಿನ್ ಆಗುತ್ತದೆ. ಹತ್ತಾರು ಗ್ರಾಹಕರನ್ನು ನೋಡಿಕೊಳ್ಳುವ ಮ್ಯಾನೇಜ್ಡ್ ಸರ್ವೀಸ್ ತಂಡಗಳಲ್ಲಿ ‘ಸ್ವಿಚ್ ಡೈರೆಕ್ಟರಿ’ ಒತ್ತಿ ಕಾಯುವುದೇ ಒಂದು ಉದ್ಯೋಗ. ಅದು ಬೇಕಿಲ್ಲ.

ಕೀವರ್ಡ್ ಆರಿಸುವಾಗ ಸ್ವಲ್ಪ ಜಾಣತನ ಬೇಕು. ಕ್ರೋಮಿನಲ್ಲಿ ಕೀವರ್ಡಿನ ನಂತರ ಸ್ಪೇಸ್ ಒತ್ತಿದರೂ ಚಾಲೂ ಆಗುವಂತೆ ಇಡಬಹುದು, ಅಥವಾ ಟ್ಯಾಬ್ ಒತ್ತಿದರೆ ಮಾತ್ರ ಎಂದೂ ಇಡಬಹುದು. ಸ್ಪೇಸ್ ಇಟ್ಟುಕೊಂಡವರು ‘ಲಾಗ್’, ‘ಯೂಸರ್’ ಎಂಬಂಥ ನಿತ್ಯದ ಪದಗಳನ್ನು ಕೀವರ್ಡ್ ಮಾಡಿದರೆ, ಬೇರೇನೋ ಹುಡುಕಲು ಹೋದಾಗಲೂ ಬ್ರೌಸರ್ ಪೋರ್ಟಲ್ ತೆರೆದು ಕೂರುತ್ತದೆ. ಕೀವರ್ಡಿನ ಮುಂದೆ ಒಂದು ಸೆಮಿಕೋಲನ್ ಸೇರಿಸಿ, ಇಲ್ಲವೇ ಮಾತಿನಲ್ಲಿ ಬರದ ಅಕ್ಷರಗಳ ಜೋಡಿ ಮಾಡಿ.

ಪೋರ್ಟಲ್ಲುಗಳು ತಾವೇ ಕೊಡುವ ಕೀಗಳೂ ಇವೆ. ಅವುಗಳ ಬಗ್ಗೆ ನನಗೆ ಅಷ್ಟು ಪ್ರೀತಿಯಿಲ್ಲ, ಆದರೂ ಹೇಳುತ್ತೇನೆ. ಅಝೂರಿನಲ್ಲಿ ಜಿ ಒತ್ತಿ ಓರೆಗೆರೆ ಒತ್ತಿದರೆ ಮೇಲಿನ ಹುಡುಕಾಟ, ಜಿ ಮತ್ತು ಆರ್ ಒತ್ತಿದರೆ ರಿಸೋರ್ಸ್ ಗ್ರೂಪ್‌ಗಳು, ಜಿ ಮತ್ತು ಎ ಒತ್ತಿದರೆ ಎಲ್ಲ ರಿಸೋರ್ಸ್‌ಗಳು. ಅಮೆಜಾನ್ ಕನ್ಸೋಲಿನಲ್ಲಿ ಆಲ್ಟ್ ಮತ್ತು ಎಸ್. ಗೂಗಲ್ ಕ್ಲೌಡಿನಲ್ಲಿ ಬರೀ ಓರೆಗೆರೆ. ಈ ಹುಡುಕಾಟದ ಕೀ ಒಂದನ್ನು ಕಲಿತರೆ ಉಳಿದವು ಇಲ್ಲದಿದ್ದರೂ ನಡೆಯುತ್ತದೆ. ಒಂಟಿ ಅಕ್ಷರದ ಕೀಗಳಿಂದ ಕೆಲವರಿಗೆ ತೊಂದರೆಯೂ ಇದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವ ದೃಷ್ಟಿಹೀನ ಸಹೋದ್ಯೋಗಿಗಳಿಗೆ ವೆಬ್ ಪುಟದಲ್ಲಿ ಜಿ ಅಂದರೆ ಮುಂದಿನ ಚಿತ್ರಕ್ಕೆ ಹೋಗು ಎಂದರ್ಥ. ಒಂದೇ ಕೀಗೆ ಇಬ್ಬರು ಯಜಮಾನರು. ಇಂಥ ಜಗಳ ಬೇಡವೆಂದೇ 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ನಿಯಮಾವಳಿ, ಒಂಟಿ ಅಕ್ಷರದ ಶಾರ್ಟ್‌ಕಟ್ ಇಟ್ಟರೆ ಅದನ್ನು ನಿಲ್ಲಿಸುವ ಅಥವಾ ಬದಲಿಸುವ ದಾರಿಯನ್ನೂ ಇಡಬೇಕು ಎನ್ನುತ್ತದೆ. ಅಡ್ರೆಸ್ ಬಾರಿಗೆ ಈ ಜಗಳವಿಲ್ಲ. ಕಂಟ್ರೋಲ್-ಎಲ್ ಎಲ್ಲರಿಗೂ ಒಂದೇ.

ಇಷ್ಟು ಓದಿ ‘ಎಷ್ಟು ಸೆಕೆಂಡ್ ಉಳಿಯಿತು ಸ್ವಾಮಿ, ಈ ಗೀಳು ಯಾಕೆ’ ಎನ್ನುವವರು ಇರುತ್ತಾರೆ. ಅವರ ಪರವಾಗಿ ಒಂದು ಗಟ್ಟಿ ಸಾಕ್ಷಿ ನಾನೇ ಕೊಡುತ್ತೇನೆ. ಆಪಲ್ ಕಂಪನಿಯಲ್ಲಿ ಇಂಟರ್‌ಫೇಸ್ ರೂಪಿಸುತ್ತಿದ್ದ ಬ್ರೂಸ್ ಟೊಗ್ನಾಝಿನಿ 1989ರಲ್ಲಿ ತಮ್ಮ ಅಂಕಣದಲ್ಲಿ ಬರೆದದ್ದು ಕೀಬೋರ್ಡ್ ಭಕ್ತರಿಗೆ ಇಂದಿಗೂ ಕಹಿ. ಪರೀಕ್ಷೆಗೆ ಕೂತವರೆಲ್ಲ ಕೀಬೋರ್ಡೇ ವೇಗ ಎನ್ನುತ್ತಾರೆ, ಸ್ಟಾಪ್‌ವಾಚ್ ಮಾತ್ರ ಮೌಸೇ ವೇಗ ಎನ್ನುತ್ತದೆ ಎಂದು ಅವರ ವಾದ. ಯಾವ ಕೀ ಒತ್ತಬೇಕೆಂದು ನೆನಪಿಸಿಕೊಳ್ಳುವುದಕ್ಕೇ ಹೊತ್ತು ಹಿಡಿಯುತ್ತದೆ, ತಲೆ ಅದರಲ್ಲಿ ಮುಳುಗಿರುವುದರಿಂದ ಆ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಅಪರೂಪಕ್ಕೆ ಬಳಸುವ ಕೀಗಳ ವಿಷಯದಲ್ಲಿ ಅವರ ಮಾತು ಸರಿ ಎಂದೇ ನನಗನ್ನಿಸುತ್ತದೆ. ಅದಕ್ಕೇ ಮೂವತ್ತು ಶಾರ್ಟ್‌ಕಟ್‌ಗಳ ಪಟ್ಟಿ ಪ್ರಿಂಟ್ ಮಾಡಿ ಮಾನಿಟರಿಗೆ ಅಂಟಿಸುವವರನ್ನು ಕಂಡರೆ ನಾನು ಸುಮ್ಮನೆ ನಗುತ್ತೇನೆ.

ಆದರೆ ಟೊಗ್ನಾಝಿನಿ ಅಳೆದದ್ದು ಮೇಜಿನ ಮೇಲಿದ್ದ ಕಂಪ್ಯೂಟರಿನ ಮೆನುವನ್ನು. ಒತ್ತಿದ ತಕ್ಷಣ ಬಿಚ್ಚಿಕೊಳ್ಳುವ ಮೆನು ಅದು. ನಮ್ಮ ಮೆನುವಿನಲ್ಲಿ ಪ್ರತಿ ಕ್ಲಿಕ್ಕೂ ಎಲ್ಲೋ ಇರುವ ಡೇಟಾ ಸೆಂಟರಿಗೆ ಹೋಗಿ ಬರುತ್ತದೆ, ಪುಟ ಅರ್ಧ ಬಂದಿರುವಾಗ ಬಟನ್ ಜಾಗ ಬದಲಿಸುತ್ತದೆ. ಅದರ ಮೇಲೆ, ನಿಮ್ಮಲ್ಲಿ ಬಹಳ ಜನ ಗ್ರಾಹಕರ ಪೋರ್ಟಲನ್ನು ನೇರ ಮುಟ್ಟುವುದಿಲ್ಲ. ಫ್ರಾಂಕ್‌ಫರ್ಟಿನಲ್ಲೋ ಡಲ್ಲಾಸಿನಲ್ಲೋ ಇರುವ ವರ್ಚುವಲ್ ಡೆಸ್ಕ್‌ಟಾಪಿಗೆ ಲಾಗಿನ್ ಆಗಿ, ಅದರೊಳಗಿನ ಬ್ರೌಸರಿನಲ್ಲಿ ಕೆಲಸ. ಅಲ್ಲಿ ಮೌಸ್ ಸರಿಸಿದರೆ ಬಾಣ ಅರೆಕ್ಷಣ ಬಿಟ್ಟು ಹಿಂದೆ ಬರುತ್ತದೆ. ಒಂದು ಸಾಲು ವಿಳಾಸ ಬರೆದು ಎಂಟರ್ ಒತ್ತುವವರಿಗೆ ಈ ಎಳೆದಾಟ ಅಷ್ಟಾಗಿ ತಟ್ಟುವುದಿಲ್ಲ. ಅಂಥ ಡೆಸ್ಕ್‌ಟಾಪ್‌ಗಳು ಲಾಗಾಫ್ ಆದ ಕೂಡಲೇ ಸೆಟ್ಟಿಂಗ್ಸ್ ಅಳಿಸಿಹಾಕುವುದೂ ಉಂಟು. ಕೀವರ್ಡ್ ಮಾಡಿ ಪ್ರಯೋಜನವಿಲ್ಲ ಎಂದು ಅಲ್ಲಿಯವರು ಗೊಣಗುವುದನ್ನು ಕೇಳಿದ್ದೇನೆ. ಅವರಿಗೆ ಒಂದು ಸಾದಾ ಟೆಕ್ಸ್ಟ್ ಫೈಲ್ ಸಾಕು, ಎಡಕ್ಕೆ ಕೆಲಸದ ಹೆಸರು, ಬಲಕ್ಕೆ ವಿಳಾಸ.

ಸೆಕೆಂಡುಗಳ ಲೆಕ್ಕ ಬಿಡಿ, ಭದ್ರತೆಯ ಲೆಕ್ಕಕ್ಕೆ ಬನ್ನಿ. ಮೇಲೆ ಹೇಳಿದ ಹುಡುಗ ಗೂಗಲ್‌ನಲ್ಲಿ ಪೋರ್ಟಲ್ ಹೆಸರು ಹುಡುಕಿ ಮೊದಲ ಲಿಂಕ್ ಒತ್ತಿದನಲ್ಲ, ನನಗೆ ದಿಗಿಲಾಗುವುದು ಅಲ್ಲಿ. ಹುಡುಕಾಟದ ಫಲಿತಾಂಶದ ನೆತ್ತಿಯಲ್ಲಿ ಬರುವುದು ಅನೇಕ ಸಲ ಜಾಹೀರಾತು, ಅದನ್ನು ದುಡ್ಡು ಕೊಟ್ಟವರು ಯಾರು ಬೇಕಾದರೂ ಹಾಕಿಸಬಹುದು. 2023ರ ಫೆಬ್ರವರಿಯಲ್ಲಿ ಸೆಂಟಿನೆಲ್‌ಒನ್ ಸಂಸ್ಥೆಯ ಸಂಶೋಧಕರು, ಅಮೆಜಾನ್ ವೆಬ್ ಸರ್ವೀಸಸ್ ಲಾಗಿನ್ ಪುಟದಂತೆಯೇ ಕಾಣುವ ಕಳ್ಳ ಪುಟಗಳಿಗೆ ಗೂಗಲ್ ಜಾಹೀರಾತಿನ ಮೂಲಕ ಜನರನ್ನು ಎಳೆಯುತ್ತಿದ್ದುದನ್ನು ಬಯಲಿಗಿಟ್ಟರು. ಸಾಮಾನ್ಯ ಬಳಕೆದಾರರ ಪಾಸ್‌ವರ್ಡ್ ಹೋದರೆ ಒಂದು ಮೇಲ್‌ಬಾಕ್ಸ್ ಹೋದೀತು. ಅಡ್ಮಿನ್ ಪಾಸ್‌ವರ್ಡ್ ಹೋದರೆ ಕಂಪನಿಯೇ ಹೋಗುತ್ತದೆ. ಬುಕ್‌ಮಾರ್ಕಿನಿಂದ, ಕೀವರ್ಡಿನಿಂದ, ನೀವೇ ಬರೆದ ವಿಳಾಸದಿಂದ ಹೋಗುವವರು ಆ ಜಾಹೀರಾತನ್ನು ನೋಡುವುದೇ ಇಲ್ಲ. ಯಾರಾದರೂ ‘ಪೋರ್ಟಲ್ ಹೆಸರು ಗೂಗಲ್ ಮಾಡು’ ಎಂದು ಜೂನಿಯರ್‌ಗಳಿಗೆ ಹೇಳುವುದು ಕೇಳಿಸಿದರೆ ದಯವಿಟ್ಟು ತಡೆಯಿರಿ.

ಹಾಗೆಯೇ ಪ್ರೊಫೈಲ್. ಒಂದೇ ಬ್ರೌಸರ್ ಕಿಟಕಿಯಲ್ಲಿ ಸ್ವಂತ ಜಿಮೇಲ್, ಕಂಪನಿಯ ಔಟ್‌ಲುಕ್, ಮೂವರು ಗ್ರಾಹಕರ ಅಡ್ಮಿನ್ ಲಾಗಿನ್ ಎಲ್ಲ ಸೇರಿಸಿಕೊಂಡು, ಕೊನೆಗೆ ಯಾವ ಖಾತೆಯಲ್ಲಿದ್ದೇನೆ ಎಂದು ತಿಳಿಯದೆ ಇನ್‌ಕಾಗ್ನಿಟೋ ತೆರೆಯುವ ಅಭ್ಯಾಸ ಎಲ್ಲೆಲ್ಲೂ ಇದೆ. ಪ್ರತಿ ಗ್ರಾಹಕರಿಗೆ ಒಂದು ಬ್ರೌಸರ್ ಪ್ರೊಫೈಲ್ ಮಾಡಿ, ಬೇರೆ ಬೇರೆ ಬಣ್ಣದ ಥೀಮ್ ಕೊಡಿ. ಕಂಟ್ರೋಲ್, ಶಿಫ್ಟ್, ಎಂ ಒತ್ತಿದರೆ ಪ್ರೊಫೈಲ್ ಪಟ್ಟಿ ಬರುತ್ತದೆ. ಫೈರ್‌ಫಾಕ್ಸ್ ಪ್ರಿಯರಿಗೆ ಮಲ್ಟಿ-ಅಕೌಂಟ್ ಕಂಟೇನರ್ಸ್ ಎಂಬ ಎಕ್ಸ್‌ಟೆನ್ಷನ್ ಇದೆ, ಒಂದೇ ಕಿಟಕಿಯ ಟ್ಯಾಬ್‌ಗಳೇ ಬೇರೆ ಬೇರೆ ಲಾಗಿನ್ ಇಟ್ಟುಕೊಳ್ಳುತ್ತವೆ. ಅಮೆಜಾನಿನಲ್ಲಿ ರೋಲ್ ಬದಲಿಸುವಾಗಲೂ ಬಣ್ಣ ಆರಿಸಬಹುದು. ಪ್ರೊಡಕ್ಷನ್‌ಗೆ ಕೆಂಪು ಇಡಿ, ಈ ವಿಷಯದಲ್ಲಿ ಸೃಜನಶೀಲತೆ ಬೇಡ. ಬೇಗ ತಲುಪುವ ದಾರಿ ಹಾಕಿಕೊಂಡವರಿಗೆ ತಪ್ಪು ಟೆನೆಂಟಿಗೂ ಅಷ್ಟೇ ಬೇಗ ತಲುಪುವ ಅಪಾಯವಿದೆ. ಅಲ್ಲಿ ಡಿಲೀಟ್ ಬಟನ್ ಕೂಡ ಕೈಗೆಟುಕುವಂತೆಯೇ ಇರುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಒಂದು ಗಡಿ ಹಾಕಿಕೊಂಡಿದ್ದೇನೆ: ನೋಡುವ ಪುಟಗಳಿಗೆ ಶಾರ್ಟ್‌ಕಟ್, ಅಳಿಸುವ ಪುಟಗಳಿಗೆ ಇಲ್ಲ. ಅಲ್ಲಿಗೆ ನಿಧಾನವಾಗಿ ಮೆನು ಹಿಡಿದು ಹೋದರೆ ನಷ್ಟವೇನಿಲ್ಲ.

ಈ ಪ್ರೊಫೈಲ್‌ಗಳನ್ನು ನಿಮ್ಮ ಸ್ವಂತ ಗೂಗಲ್ ಖಾತೆಗೆ ಸಿಂಕ್ ಮಾಡಬೇಡಿ ಎಂದು ಬೇರೆ ಹೇಳಬೇಕೆ? ಗ್ರಾಹಕರ ಡೊಮೈನ್, ಸಬ್‌ಸ್ಕ್ರಿಪ್ಷನ್ ಐಡಿಗಳು ಮನೆಯ ಟ್ಯಾಬ್ಲೆಟ್‌ನ ಬುಕ್‌ಮಾರ್ಕ್‌ಗಳಲ್ಲಿ ಕಾಣಿಸಿಕೊಂಡರೆ ಆಡಿಟ್‌ನವರಿಗೆ ಹಬ್ಬ. ಸ್ಟೋರೇಜ್ ಪುಟದಿಂದ ಕಾಪಿ ಮಾಡಿದ ವಿಳಾಸದಲ್ಲಿ ಟೋಕನ್ ಅಂಟಿಕೊಂಡಿದ್ದರೆ ಅದು ವಿಳಾಸವಲ್ಲ, ಕೀಲಿಕೈ. ಅಂಥದ್ದನ್ನು ಎಲ್ಲೂ ಉಳಿಸಬೇಡಿ.

ಒಬ್ಬೊಬ್ಬರೇ ಪಟ್ಟಿ ಮಾಡಿಕೊಳ್ಳುವುದಕ್ಕಿಂತ ತಂಡದ ಪಟ್ಟಿ ಮೇಲು. ಗೂಗಲ್ ಕಂಪನಿಯೊಳಗೆ ‘ಗೋ’ ಎಂದು ಬರೆದು ಓರೆಗೆರೆ ಹಾಕಿ ಒಂದು ಪದ ಕೊಟ್ಟರೆ ಬೇಕಾದ ಪುಟ ತೆರೆಯುವ ಪದ್ಧತಿ ಬಹಳ ಕಾಲದಿಂದ ಇದೆ. ಅದನ್ನು ನೋಡಿ ಬೇರೆ ಕಂಪನಿಗಳೂ ‘ಗೋ ಲಿಂಕ್’ ಮಾಡಿಕೊಂಡವು. ಟೇಲ್‌ಸ್ಕೇಲ್ ಕಂಪನಿಯ ಗೋಲಿಂಕ್ ಓಪನ್ ಸೋರ್ಸ್, ಒಳಗಿನ ನೆಟ್‌ವರ್ಕಿನಲ್ಲೇ ನಡೆಸಬಹುದು. ಮೈಕ್ರೋಸಾಫ್ಟ್ ತನ್ನ ಪುಟಗಳಿಗೆ ‘ಎಕೆಎ ಡಾಟ್ ಎಂಎಸ್’ ಎಂಬ ಚಿಕ್ಕ ವಿಳಾಸ ಇಟ್ಟುಕೊಂಡಿದೆ, ಪಾಸ್‌ವರ್ಡ್ ರೀಸೆಟ್‌ಗೆ ಅದರ ಮುಂದೆ ಓರೆಗೆರೆ ಹಾಕಿ ‘ಎಸ್‌ಎಸ್‌ಪಿಆರ್’ ಎಂದರೆ ಸಾಕು. ಮೈಕ್ರೋಸಾಫ್ಟ್ ಉದ್ಯೋಗಿ ಮೆರಿಲ್ ಫರ್ನಾಂಡೊ ಕಟ್ಟಿದ ‘ಸಿಎಂಡಿ ಡಾಟ್ ಎಂಎಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಕಂಪನಿಯ ಅಡ್ಮಿನ್ ಪುಟಗಳಿಗೆಲ್ಲ ಪುಟ್ಟ ಕಮಾಂಡ್‌ಗಳನ್ನು ಕೊಡುತ್ತದೆ. ಅಡ್ಮಿನ್‌ಗಳ ಕಷ್ಟ ಬಲ್ಲವರು ಮಾಡಿದ ಕೆಲಸ ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಆದರೂ ಬೇರೆಯವರ ಡೊಮೈನ್ ಮೂಲಕ ಗ್ರಾಹಕರ ಪೋರ್ಟಲಿಗೆ ಹೋಗಲು ನಿಮ್ಮ ಸೆಕ್ಯುರಿಟಿ ತಂಡದ ಒಪ್ಪಿಗೆ ಇದೆಯೇ ಎಂದು ಮೊದಲು ಕೇಳಿ. ಒಪ್ಪದಿದ್ದರೆ ಅದೇ ಪಟ್ಟಿಯನ್ನು ನಿಮ್ಮ ಬುಕ್‌ಮಾರ್ಕಿಗೆ ಇಳಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಟರ್ಮಿನಲ್ ಬಿಟ್ಟು ಏಳದ ಮಹನೀಯರಿಗೂ ಒಂದು ಮಾತು. ಪೋರ್ಟಲ್ ಬಳಸುವವರನ್ನು ‘ಕ್ಲಿಕ್‌ಆಪ್ಸ್’ ಎಂದು ಹಂಗಿಸುತ್ತೀರಿ. ಏನನ್ನಾದರೂ ಕಟ್ಟುವುದಿದ್ದರೆ ಟೆರ್ರಾಫಾರ್ಮ್‌ನಲ್ಲೇ ಕಟ್ಟಬೇಕು ಎನ್ನುವುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ರಾತ್ರಿ ಎರಡೂವರೆಗೆ ಎಲ್-ಒನ್ ಹುಡುಗಿಯ ಮುಂದೆ ಬರುವುದು ಕಟ್ಟುವ ಕೆಲಸವಲ್ಲ. ಒಂದು ಲಾಗ್ ನೋಡಬೇಕು, ಒಂದು ಅಲರ್ಟ್ ಅರ್ಥ ಮಾಡಿಕೊಳ್ಳಬೇಕು, ಗ್ರಾಫಿನ ಏರಿಳಿತ ಕಾಣಬೇಕು. ಅದಕ್ಕೆ ಪೋರ್ಟಲ್ಲೇ ಸರಿ, ಎಷ್ಟೋ ಕಡೆ ಅವಳಿಗೆ ಕೊಟ್ಟಿರುವ ಪರವಾನಗಿಯೂ ಅಷ್ಟೇ.

ನಿಮ್ಮ ಕಮಾಂಡ್ ಲೈನ್ ನಿಜಕ್ಕೂ ಬೇಕಾದ ದಿನವೂ ಬಂತು. 2025ರ ಅಕ್ಟೋಬರ್ 29ರಂದು ಅಝೂರ್ ಫ್ರಂಟ್ ಡೋರ್ ಎಂಬ ಸೇವೆಯಲ್ಲಿ ಆದ ತಪ್ಪು ಕಾನ್ಫಿಗರೇಶನ್‌ನಿಂದ ಅಝೂರ್ ಪೋರ್ಟಲ್ಲೇ ತೆರೆಯದಾಯಿತು. ಪೋರ್ಟಲ್ ಬರದಿದ್ದರೆ ಪವರ್‌ಶೆಲ್ ಅಥವಾ ಸಿಎಲ್‌ಐ ಬಳಸಿ ಎಂದು ಮೈಕ್ರೋಸಾಫ್ಟೇ ಹೇಳಬೇಕಾಯಿತು. ಅದಕ್ಕೆ ಒಂಬತ್ತು ದಿನ ಮೊದಲು ಅಮೆಜಾನಿನ ವರ್ಜೀನಿಯಾ ರೀಜನ್ ಡಿಎನ್‌ಎಸ್ ತೊಂದರೆಯಿಂದ ಮಲಗಿತ್ತು. ಅಂಥ ಹೊತ್ತಿನಲ್ಲಿ ಸ್ಟೇಟಸ್ ಪುಟದ ವಿಳಾಸ ಹುಡುಕಲು ಹೊರಟರೆ ತಡವಾಗಿಹೋಗುತ್ತದೆ. ಮೂರೂ ಕ್ಲೌಡಿನ ಸ್ಟೇಟಸ್ ಪುಟಗಳು ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿರಲಿ. ಅವು ಅಡ್ಮಿನ್ ಲಾಗಿನ್ ಬೇಡದ ಬಹಿರಂಗ ಪುಟಗಳು, ಆದ್ದರಿಂದ ಮೊಬೈಲಿನಲ್ಲೂ ಉಳಿಸಿಕೊಳ್ಳಬಹುದು.

ಟೀಮ್ ಲೀಡ್‌ಗಳಿಗೆ, ಮ್ಯಾನೇಜರ್‌ಗಳಿಗೆ ಬೇರೆಯಾಗಿ ಒಂದು ಬಿನ್ನಹ. ಇದನ್ನೆಲ್ಲ ಒಬ್ಬೊಬ್ಬ ಅಡ್ಮಿನ್ನಿನ ಉತ್ಸಾಹಕ್ಕೆ ಬಿಡಬೇಡಿ. ಕ್ರೋಮಿನಲ್ಲಿ ‘ಮ್ಯಾನೇಜ್ಡ್ ಬುಕ್‌ಮಾರ್ಕ್ಸ್’, ಎಡ್ಜ್‌ನಲ್ಲಿ ‘ಮ್ಯಾನೇಜ್ಡ್ ಫೇವರಿಟ್ಸ್’ ಎಂಬ ಪಾಲಿಸಿಗಳಿವೆ. ಕ್ರೋಮಿನಲ್ಲಿ ಸೈಟ್ ಸರ್ಚ್ ಕೀವರ್ಡ್‌ಗಳನ್ನೂ ಪಾಲಿಸಿಯಿಂದಲೇ ಎಲ್ಲರ ಯಂತ್ರಕ್ಕೆ ಇಳಿಸಬಹುದು. ಪಟ್ಟಿಯನ್ನು ರನ್‌ಬುಕ್ ಇರುವ ಜಾಗದಲ್ಲೇ ಇಟ್ಟು, ಶಿಫ್ಟ್ ಹ್ಯಾಂಡೋವರ್ ಹೊತ್ತಿನಲ್ಲಿ ‘ಈ ವಾರ ಯಾವ ಲಿಂಕ್ ಸತ್ತಿದೆ’ ಎಂದು ಕೇಳುವ ರೂಢಿ ಮಾಡಿ. ಲಿಂಕ್ ಸತ್ತದ್ದು ಮೊದಲು ಗೊತ್ತಾಗುವುದು ಅದನ್ನು ದಿನಾ ಬಳಸುವ ಎಲ್-ಒನ್‌ನವರಿಗೆ. ಪಟ್ಟಿ ತಿದ್ದುವ ಹಕ್ಕನ್ನೂ ಅವರಿಗೇ ಕೊಡಿ.

ಇಂತಿ,
ನಿಮ್ಮದೇ ಪಾಳಿಯಲ್ಲಿ ಕೂದಲು ಹಣ್ಣಾದ ಒಬ್ಬ ಅಡ್ಮಿನ್

ತಾ.ಕ.: ಮನೆಯವರಿಗೆ, ಗೆಳೆಯರಿಗೆ ಕನ್ನಡದಲ್ಲೇ ಟೈಪ್ ಮಾಡುವವರು ಗಮನಿಸಿ. ಕೀಲಿಮಣೆ ಕನ್ನಡದಲ್ಲೇ ಉಳಿದಿದ್ದರೆ ಕಂಟ್ರೋಲ್-ಎಲ್ ಒತ್ತಿದ ಮೇಲೆ ನೀವು ಹೊಡೆದ ಕೀವರ್ಡ್ ಕನ್ನಡ ಅಕ್ಷರಗಳಾಗಿ ಮೂಡುತ್ತದೆ, ಬ್ರೌಸರ್ ಅದನ್ನು ಗುರುತಿಸದೆ ಗೂಗಲ್‌ಗೆ ಕಳಿಸಿಬಿಡುತ್ತದೆ, ಮುಂದೆ ಕೊಟ್ಟ ಇನ್‌ಸ್ಟನ್ಸ್ ಐಡಿಯ ಸಮೇತ. ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಿಕೊಂಡು ಆಮೇಲೆ ಶುರು ಮಾಡಿ.